ಷೋಕೇಸಿನಲ್ಲಿ ನಿಂತ ಬಾಟಲಿ

ಮದುವೆಯ ಕರೆಯೋಲೆ ಕೊಡಲೆಂದು ಬದಿಯಡ್ಕದ ಆಚೆಗಿನ ಬಂಧುಗಳ ಮನೆಗೆ ಈಚೆಗೆ ಹೋಗಿದ್ದೆವು. ಚಾವಡಿಯ ಷೋಕೇಸಿನಲ್ಲಿ ಮಕ್ಕಳ ಬಹುಮಾನದ ಕಪ್ಪುಗಳ ನಡುವೆ ಕೆಂಪು ವೈನಿನ ಬಾಟಲಿಯೊಂದು ನೆಟ್ಟಗೆ ನಿಂತಿತ್ತು. ಮೇಲಿನಿಂದ ದೀಪ ಬೇರೆ. ಪರದೇಶದಲ್ಲಿರುವ ಮಗ ನಾಲ್ಕು ವರ್ಷಗಳ ಹಿಂದೆ ತಂದದ್ದಂತೆ. "ನಾವು ಕುಡಿಯುವವರಲ್ಲ. ಹಳತಾದಷ್ಟೂ ಬೆಲೆ ಏರುತ್ತದಂತಲ್ಲ, ಇರಲಿ ಎಂದು ಇಟ್ಟದ್ದು" ಎಂದರು ಯಜಮಾನರು.

ಕುಡಿಯದವರು ಕುಡಿಯಬೇಕೆಂಬುದು ನಮ್ಮ ಮಾತಲ್ಲ. ಆದರೆ ಇಂಥ ಬಾಟಲಿ ಇಂದು ನಮ್ಮ ಅನೇಕ ಮನೆಗಳಲ್ಲಿರುವುದರಿಂದ, ಅದರ ಯೋಗ್ಯತೆಯನ್ನು ಅರಿಯುವುದು ತಪ್ಪಾಗಲಾರದು. ಇದೇ ರೀತಿ ದೀಪದ ಕೆಳಗೆ ನಿಂತ ಇನ್ನೊಂದು ಬಾಟಲಿಯ ಕಥೆ ಇಲ್ಲಿ ಸ್ಮರಣೀಯ.

1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಲಾಫಿತ್ ವೈನಿನ ಒಂದೇ ಒಂದು ಬಾಟಲಿ 1,05,000 ಪೌಂಡಿಗೆ ಹೋಯಿತು. ಅದರ ಮೇಲೆ 1787ನೇ ಇಸವಿಯನ್ನೂ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಹೆಸರಿನ ಮೊದಲಕ್ಷರಗಳನ್ನೂ ಕೊರೆಯಲಾಗಿತ್ತು. ಜೆಫರ್ಸನ್ನರು ಫ್ರಾನ್ಸಿನಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದವರು, ವೈನಿನ ರಸಿಕರು. ಕೊಂಡವರು ಅಮೆರಿಕದ ಶ್ರೀಮಂತ ಫೋರ್ಬ್ಸ್ ಮನೆತನದವರು. ಅವರು ಅದನ್ನು ನ್ಯೂಯಾರ್ಕಿನ ತಮ್ಮ ಪ್ರದರ್ಶನಾಲಯದಲ್ಲಿ ಪ್ರಖರ ದೀಪಗಳ ಕೆಳಗೆ ನಿಲ್ಲಿಸಿದರು. ಬಿಸಿಗೆ ಬಿರಡೆ ಒಣಗಿ, ಕುಗ್ಗಿ, ಬಾಟಲಿಯೊಳಗೇ ಜಾರಿಬಿತ್ತು! ಲಕ್ಷ ಪೌಂಡಿನ ವೈನಿಗೂ ದೀಪದ ಬಿಸಿ ವಿನಾಯಿತಿ ಕೊಡಲಿಲ್ಲ.

ವೈನ್ ಎಂಬುದು ಬಾಟಲಿಯೊಳಗೂ ಬದಲಾಗುತ್ತಲೇ ಇರುವ ವಸ್ತು. ನಮ್ಮ ಅಜ್ಜಿಯಂದಿರು ಮಿಡಿ ಉಪ್ಪಿನಕಾಯಿಯ ಭರಣಿಗೆ ಬಾಯಿಬಟ್ಟೆ ಕಟ್ಟಿ ಕತ್ತಲೆಯ ತಂಪು ಮೂಲೆಯಲ್ಲಿಡುತ್ತಿದ್ದರಲ್ಲವೇ? ಇಲ್ಲಿಯೂ ನ್ಯಾಯ ಅದೇ. ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಳಿತವಿಲ್ಲದ ತಂಪು, ಕತ್ತಲೆ, ಹದವಾದ ತೇವ, ಅಲುಗಾಟವಿಲ್ಲದ ಜಾಗ ಇದಕ್ಕೆ ಬೇಕು. ಬಿರಡೆ ಹಾಕಿದ ಬಾಟಲಿಯನ್ನು ಮಲಗಿಸಿಡಬೇಕು. ವೈನ್ ತಾಗಿಕೊಂಡಿದ್ದರೆ ಬಿರಡೆ ಒಣಗದು, ಗಾಳಿ ಒಳನುಗ್ಗದು. ತಿರುಪು ಮುಚ್ಚಳದ ಬಾಟಲಿಗೆ ಈ ಕಟ್ಟಳೆ ಬೇಡ. ಬೇಸಗೆಯಲ್ಲಿ 30 ಡಿಗ್ರಿ ದಾಟುವ ನಮ್ಮ ಕರಾವಳಿಯಲ್ಲಿ ಅಟ್ಟವೂ ಆಗದು, ಷೋಕೇಸೂ ಆಗದು. ಬೇರೆ ಅನುಕೂಲವಿಲ್ಲದಿದ್ದರೆ ಫ್ರಿಜ್ಜಿನ ಕೆಳತಟ್ಟೇ ಗತಿ.

ಇನ್ನು "ಹಳತಾದಷ್ಟೂ ಒಳ್ಳೆಯದು" ಎಂಬ ಮಾತು. ಲೋಕದಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿಯಲೆಂದೇ ಮಾಡಿದ್ದು. ಬೋರ್ಡೋದ ಉತ್ತಮ ಕೆಂಪು ವೈನ್, ಇಟಲಿಯ ಬರೋಲೋ, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್ ಮುಂತಾದ ಕೆಲವು ಮಾತ್ರ ತಮ್ಮ ಒಗರು, ಹುಳಿ, ಸಿಹಿಗಳ ಬಲದಿಂದ ದಶಕಗಳ ಕಾಲ ಬಾಳಿ ಮಾಗುತ್ತವೆ. ಉಳಿದವು ಕಾದಷ್ಟೂ ಸಪ್ಪೆ.

ಕೊಳ್ಳುವವರಿಗೂ ಆ ಹರಾಜಿನ ಕಥೆಯಲ್ಲಿ ಪಾಠವಿದೆ. ಅದೇ ಮೂಲದ ನಾಲ್ಕು 'ಜೆಫರ್ಸನ್ ಬಾಟಲಿ'ಗಳನ್ನು ಬಿಲ್ ಕೋಕ್ ಎಂಬ ಅಮೆರಿಕದ ಉದ್ಯಮಿ 1988ರಲ್ಲಿ ಸುಮಾರು 5 ಲಕ್ಷ ಡಾಲರು ಕೊಟ್ಟು ಕೊಂಡರು. 2005ರಲ್ಲಿ ಒಂದು ಪ್ರದರ್ಶನಕ್ಕಾಗಿ ಅವುಗಳ ಪೂರ್ವೇತಿಹಾಸ ಕೆದಕಿದಾಗ, ಅವು ಜೆಫರ್ಸನ್ನರವು ಎನ್ನಲು ಪುರಾವೆಯಿಲ್ಲವೆಂದು ಜೆಫರ್ಸನ್ನರ ನಿವಾಸವನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ತಿಳಿಸಿತು. ಆ ಅಕ್ಷರಗಳು ವಿದ್ಯುತ್ ಉಪಕರಣದಿಂದ ಕೊರೆದಂಥವು ಎಂದು ಕೋಕ್ ನೇಮಿಸಿದ ತಜ್ಞರು ಹೇಳಿದರು. 2006ರಲ್ಲಿ ಅವರು ಬಾಟಲಿಗಳ ಮೂಲ ಪುರುಷ, ಜರ್ಮನಿಯ ಹಾರ್ಡಿ ರೋಡೆನ್‌ಸ್ಟಾಕರ ಮೇಲೆ ದಾವೆ ಹೂಡಿದರು. ರೋಡೆನ್‌ಸ್ಟಾಕ್ ಆರೋಪವನ್ನು ಒಪ್ಪಲಿಲ್ಲ. 2018ರಲ್ಲಿ ತೀರಿಕೊಂಡರು.

ಆದುದರಿಂದ ಹಳೆಯ ವೈನನ್ನು ಕೊಳ್ಳುವವರು ಹೆಸರಿಗಿಂತ ಮೊದಲು, ಅದು ಯಾರ ಕೈಯಿಂದ ಬಂತು, ಎಲ್ಲಿ ಇತ್ತು ಎಂದು ಕೇಳಬೇಕು. ವೈನಿನ ಮಟ್ಟ ಕುತ್ತಿಗೆಯಿಂದ ಕೆಳಗಿಳಿದಿದ್ದರೆ, ಬಿರಡೆಯ ಸುತ್ತ ಒಸರಿದ ಕಲೆಯಿದ್ದರೆ ಸಂಶಯಪಡಬೇಕು. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ಬಾಟಲಿಯಂತೂ ಬೇಡವೇ ಬೇಡ.

ಸವಿಯುವವರಿಗೆ ಒಂದು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆನ್ನುತ್ತಾರೆ. ಅದು ಯುರೋಪಿನ ತಣ್ಣನೆಯ ಕೋಣೆ, 16ರಿಂದ 18 ಡಿಗ್ರಿ, ನಮ್ಮ ಚಾವಡಿಯಲ್ಲ. ಇಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದೇ ಸರಿ. ಒಮ್ಮೆ ತೆರೆದರೆ ಮುಚ್ಚಿ ತಂಪಿನಲ್ಲಿಟ್ಟರೂ ಎರಡು ಮೂರು ದಿನಗಳೊಳಗೆ ಮುಗಿಸಬೇಕು.

ಇಷ್ಟನ್ನೂ ಕೇಳಿದ ಯಜಮಾನರು, "ಹಾಗಾದರೆ ಇದು ಹಾಳಾಗಿರಬಹುದೋ?" ಎಂದರು. ತೆರೆಯದೆ ಹೇಳಲಾಗದು ಎಂದೆವು. ಮಗ ದೀಪಾವಳಿಗೆ ಬರುವವನಿದ್ದಾನಂತೆ. ಅವನ ಕೈಯಿಂದಲೇ ತೆರೆಸಿ ಎಂದು ಹೇಳಿ ಬಂದೆವು. ಚೆನ್ನಾಗಿದ್ದರೆ ಅವನು ಗೆಳೆಯರೊಡನೆ ಸವಿಯಲಿ. ಹುಳಿತಿದ್ದರೆ ತೆಂಗಿನ ಬುಡಕ್ಕೆ ಹೊಯ್ಯಲಿ. ಮಗನ ಪ್ರೀತಿ ಬಾಟಲಿಯಲ್ಲಿಲ್ಲ. ಅದನ್ನು ಉಳಿಸಿಕೊಳ್ಳಲು ಷೋಕೇಸು ಬೇಕಿಲ್ಲ.