ಘಟಕ ಪರೀಕ್ಷೆಗೆ ಪರಿಸರವನ್ನು ಒದಗಿಸುವ ಬಗೆ

ಗಂಗೊಳ್ಳಿಯ ಅಳಿವೆಯನ್ನು ದಾಟಿ ಕಡಲಿಗಿಳಿಯುವ ಬೋಟಿಗೆ, ಅದು ಹೊರಡುವಾಗ ಏನನ್ನು ಹೇರಿಕೊಂಡಿದೆಯೋ ಅಷ್ಟೇ ಆಧಾರ. ಮಂಜುಗಡ್ಡೆ, ಡೀಸೆಲ್, ಕುಡಿಯುವ ನೀರು, ಅಕ್ಕಿ ಇವೆಲ್ಲವೂ ದಕ್ಕೆಯಲ್ಲಿಯೇ ತುಂಬಿರಬೇಕು. ಬೋಟು ಹೊರಟ ಮೇಲೆ ದಕ್ಕೆಗೆ ಎಷ್ಟು ಸಾಮಗ್ರಿ ಬಂದು ಬಿದ್ದರೂ ಅದು ನಡುಗಡಲಿನಲ್ಲಿರುವವರ ಪಾಲಿಗೆ ಇಲ್ಲದಂತೆಯೇ ಸರಿ. ಕೊಡೇರಿಯಲ್ಲಾಗಲಿ ಕೋಡಿಬೆಂಗ್ರೆಯಲ್ಲಾಗಲಿ ಈ ಮಾತನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಗಣಕಯಂತ್ರದಲ್ಲಿ ನಡೆಯುವ ಕಾರ್ಯಕ್ರಮಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ.

ಒಂದು ಕಾರ್ಯಕ್ರಮವು ಇನ್ನೊಂದನ್ನು ಆರಂಭಿಸುವಾಗ ಅದರ ಕೈಯಲ್ಲಿ ಕೆಲವು ಹೆಸರುಗಳನ್ನೂ ಅವುಗಳ ಬೆಲೆಗಳನ್ನೂ ಕಟ್ಟಿ ಕಳುಹಿಸುತ್ತದೆ. ಇವಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು. ಕನ್ನಡದಲ್ಲಿ ಪರಿಸರ ಚರಾಂಶಗಳೆನ್ನಬಹುದು. ನಾಲ್ಕಾರು ಸಾಲುಗಳ ಪಟ್ಟಿಗೆ ಪರಿಸರವೆಂಬ ದೊಡ್ಡ ಹೆಸರೇಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ 1979ರಲ್ಲಿ ಬೆಲ್ ಪ್ರಯೋಗಾಲಯದಿಂದ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಿಂದ ಈ ಪದ್ಧತಿಯೂ ಈ ಹೆಸರೂ ರೂಢಿಯಾಗಿವೆ. ಹುಟ್ಟಿದ ಕಾರ್ಯಕ್ರಮಕ್ಕೆ ದೊರೆಯುವುದು ಆ ಪಟ್ಟಿಯ ಒಂದು ಪ್ರತಿ ಮಾತ್ರ. ಹುಟ್ಟಿಸಿದವನು ಅನಂತರ ತನ್ನ ಪಟ್ಟಿಯನ್ನು ತಿದ್ದಿದರೆ ಅದು ಇದಕ್ಕೆ ತಲುಪುವುದಿಲ್ಲ.

ಇದರಿಂದಾಗುವ ತೊಡಕನ್ನು ಒಂದು ಉದಾಹರಣೆಯಿಂದ ನೋಡಬಹುದು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದು ಸರ್ವವಿದಿತ. ಬೋಟು ಹೊರಟ ಕ್ಷಣವು ಈ ಅವಧಿಯೊಳಗೆ ಬೀಳುವುದೋ ಇಲ್ಲವೋ ಎಂದು ಹೇಳುವ ಸಣ್ಣ ಕಾರ್ಯಕ್ರಮವೊಂದನ್ನು ಜಾವಾ ಭಾಷೆಯಲ್ಲಿ ಬರೆಯಲಾಗಿದೆಯೆಂದು ಊಹಿಸೋಣ. ಕಾರ್ಯಕ್ರಮವು ಆ ಕ್ಷಣವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ ಉಳಿಸಿಕೊಂಡು, ಬೇಕಾದಾಗ ಯಂತ್ರದ ಕಾಲವಲಯಕ್ಕೆ ಅನುಗುಣವಾಗಿ ದಿನಾಂಕವಾಗಿ ಮಾರ್ಪಡಿಸುತ್ತದೆ. ಆಗಸ್ಟ್ 1ರ ಬೆಳಗಿನ ಜಾವ 4 ಗಂಟೆಗೆ ಒಂದು ಟ್ರಾಲ್ ಬೋಟು ಹೊರಟಿತು. ಕುಂದಾಪುರದಲ್ಲಿರುವ ಯಂತ್ರವು ನಿಷೇಧ ಮುಗಿದಿದೆಯೆಂದು ಸರಿಯಾಗಿಯೇ ಹೇಳುತ್ತದೆ. ಆದರೆ ದೂರದ ಸರ್ವರ್ ಯಂತ್ರಗಳು ಸಾಮಾನ್ಯವಾಗಿ ವಿಶ್ವಸಮಯವನ್ನು ಅನುಸರಿಸುತ್ತವೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಆ ಕ್ಷಣ ಇನ್ನೂ ಜುಲೈ 31ರ ರಾತ್ರಿ 10 ಗಂಟೆ 30 ನಿಮಿಷವಾಗಿರುತ್ತದೆ. ನಿಯಮ ಪಾಲಿಸಿದ ತಾಂಡೇಲನು ಸರ್ವರಿನ ಲೆಕ್ಕದಲ್ಲಿ ತಪ್ಪಿತಸ್ಥನಾಗಿ ನಿಲ್ಲುತ್ತಾನೆ.

ಇಂತಹ ದೋಷವನ್ನು ಮುಂಚೆಯೇ ಹಿಡಿಯುವುದಕ್ಕಾಗಿ ಕಾರ್ಯಕ್ರಮದ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಒರೆಗೆ ಹಚ್ಚುವ ಘಟಕ ಪರೀಕ್ಷೆಗಳನ್ನು ಬರೆಯುತ್ತಾರೆ. ಜಾವಾದಲ್ಲಿ ಇದಕ್ಕೆ ಜೆಯುನಿಟ್ ಪ್ರಸಿದ್ಧವಾದುದು. ಪರೀಕ್ಷೆಗಳನ್ನು ಒಂದೊಂದಾಗಿ ಕೈಯಿಂದ ನಡೆಸದೆ, ಕಾರ್ಯಕ್ರಮವನ್ನು ಕಟ್ಟುವ ಕೆಲಸದೊಡನೆಯೇ ನಡೆಸಲು ಮೇವನ್, ಗ್ರೇಡಲ್, ಬೇಜಲ್ ಮುಂತಾದ ನಿರ್ಮಾಣ ಸಾಧನಗಳಿವೆ. ಮೇವನ್ ಮತ್ತು ಗ್ರೇಡಲ್‌ಗಳು ಪರೀಕ್ಷೆಗಾಗಿ ಬೇರೊಂದು ಜಾವಾ ಪ್ರಕ್ರಿಯೆಯನ್ನೇ ಹುಟ್ಟಿಸುತ್ತವೆ. ಬೇರೇನನ್ನೂ ಹೇಳದಿದ್ದರೆ, ಸಾಧನವನ್ನು ಕರೆದವನ ಪರಿಸರವೇ ಆ ಪ್ರಕ್ರಿಯೆಗೂ ಬರುತ್ತದೆ. ಹಾಗಾಗಿ ಬರೆದವನ ಮೇಜಿನ ಮೇಲೆ ತೇರ್ಗಡೆಯಾದ ಪರೀಕ್ಷೆಯು ಬೇರೆಡೆ ಸೋಲುತ್ತದೆ. ಕಾರಣ ಮಾತ್ರ ಯಾವ ಕಡತದಲ್ಲಿಯೂ ಕಾಣದು. ಪರೀಕ್ಷೆ ಆರಂಭವಾದ ಮೇಲೆ ಅದರೊಳಗಿನಿಂದಲೇ ಪರಿಸರವನ್ನು ತಿದ್ದುವೆನೆಂದರೆ ಜಾವಾ ಅದಕ್ಕೆ ಆಸ್ಪದ ಕೊಡುವುದಿಲ್ಲ. ಆದುದರಿಂದ ದಕ್ಕೆಯಲ್ಲಿಯೇ, ಅಂದರೆ ನಿರ್ಮಾಣ ಕಡತದಲ್ಲಿಯೇ, ಹೇರಬೇಕಾದುದನ್ನು ಬರೆದಿಡಬೇಕು.

ಗ್ರೇಡಲ್‌ನಲ್ಲಿ ಟೆಸ್ಟ್ ಎಂಬ ಕಾರ್ಯದೊಳಗೆ ‘ಎನ್ವಿರಾನ್‌ಮೆಂಟ್’ ಎಂದು ಬರೆದು, ಮುಂದೆ ಚರಾಂಶದ ಹೆಸರನ್ನೂ ಬೆಲೆಯನ್ನೂ ಕೊಟ್ಟರಾಯಿತು. ಲಿನಕ್ಸ್ ಯಂತ್ರಗಳಲ್ಲಿ ಕಾಲವಲಯದ ಚರಾಂಶದ ಹೆಸರು ‘ಟಿಝಡ್’. ಭಾರತಕ್ಕೆ ಅದರ ಬೆಲೆ ‘ಏಷ್ಯಾ/ಕೋಲ್ಕತಾ’. ಮೇವನ್‌ನಲ್ಲಿ ಸ್ಯೂರ್‌ಫೈರ್ ಎಂಬ ಅಂಗದ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಭಾಗದಲ್ಲಿ ಇದನ್ನೇ ಬರೆಯಬೇಕು. ಬೇರೆ ಪ್ರಕ್ರಿಯೆ ಬೇಡವೆಂದು ಮೇವನ್‌ಗೆ ಆಜ್ಞಾಪಿಸಿದ್ದರೆ ಮಾತ್ರ ಈ ಬರಹದಿಂದ ಪ್ರಯೋಜನವಿಲ್ಲ; ಹೊಸ ಬೋಟು ಹೊರಡದಿದ್ದರೆ ಹೇರುವುದೆಲ್ಲಿಗೆ?

ಗ್ರೇಡಲ್‌ನ ಒಂದು ವಿಷಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಳಬರುವ ಸಾಮಗ್ರಿಗಳು ಬದಲಾಗದಿದ್ದರೆ ಅದು ಪರೀಕ್ಷೆಯನ್ನು ಮತ್ತೆ ನಡೆಸದೆ ಹಿಂದಿನ ಫಲಿತಾಂಶವನ್ನೇ ಉಳಿಸಿಕೊಳ್ಳುತ್ತದೆ. ಸಮಯದ ಉಳಿತಾಯಕ್ಕೆ ಇದು ಒಳ್ಳೆಯದೇ. ಆದರೆ ಪರಿಸರ ಚರಾಂಶಗಳನ್ನು ಅದು ತಾನಾಗಿ ಒಳಬರುವ ಸಾಮಗ್ರಿಯೆಂದು ಎಣಿಸುವುದಿಲ್ಲ. ಕಾಲವಲಯವನ್ನು ಬದಲಿಸಿ ಪುನಃ ಆಜ್ಞೆ ಕೊಟ್ಟವನಿಗೆ ಎಲ್ಲವೂ ಸರಿಯಾಗಿದೆಯೆಂಬ ಉತ್ತರ ದೊರೆಯುತ್ತದೆ; ವಾಸ್ತವವಾಗಿ ಯಾವ ಪರೀಕ್ಷೆಯೂ ನಡೆದಿರುವುದಿಲ್ಲ. ಸೋತ ಪರೀಕ್ಷೆಗಿಂತ ನಡೆಯದೆಯೇ ಗೆದ್ದ ಪರೀಕ್ಷೆ ಹೆಚ್ಚು ಅಪಾಯಕಾರಿ. ಇದನ್ನು ತಪ್ಪಿಸಲು ‘ಇನ್‌ಪುಟ್ಸ್’ ಎಂಬಲ್ಲಿ ಆ ಚರಾಂಶವನ್ನು ಸ್ಪಷ್ಟವಾಗಿ ನಮೂದಿಸಬೇಕು.

ಗೂಗಲ್ ಸಂಸ್ಥೆಯು 2015ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಬೇಜಲ್ ಇನ್ನೂ ಕಟ್ಟುನಿಟ್ಟಿನದು. ಅದು ಕರೆದವನ ಪರಿಸರವನ್ನು ಸುಮ್ಮನೆ ಒಳಗೆ ಬಿಡದೆ, ಪರೀಕ್ಷೆಗೆ ವಿಶ್ವಸಮಯವನ್ನೇ ವಿಧಿಸುತ್ತದೆ. ಬೇರೆ ಬೇಕಾದವರು ‘ಟೆಸ್ಟ್ ಎನ್ವ್’ ಎಂಬ ಸೂಚನೆಯಿಂದ ಒಂದೊಂದನ್ನೂ ಹೆಸರಿಸಿ ಕೇಳಬೇಕು. ಹೊಸಬರಿಗೆ ಇದು ಕಿರಿಕಿರಿಯಾದರೂ ನ್ಯಾಯವಾದ ಕ್ರಮ. ಗುಪ್ತಪದಗಳ ವಿಷಯದಲ್ಲಿಯೂ ಇದು ಅನುಕೂಲ: ಹೆಸರನ್ನಷ್ಟೇ ಬರೆದು ಬೆಲೆಯನ್ನು ಹೊರಗಿನಿಂದ ತರಿಸಿಕೊಳ್ಳಬಹುದಾದ್ದರಿಂದ, ಎಲ್ಲರೂ ಓದುವ ಕಡತದಲ್ಲಿ ಗುಪ್ತಪದ ಉಳಿಯುವುದಿಲ್ಲ.

ಇನ್ನು ಪರೀಕ್ಷೆ ಗೆಲ್ಲಲೆಂದು ಭಾರತದ ಕಾಲವಲಯವನ್ನು ಹೇರಿ ಸುಮ್ಮನಾದರೆ ತಾಂಡೇಲನ ಕಷ್ಟ ಪರಿಹಾರವಾಗದು. ಸರ್ವರಿನಲ್ಲಿ ದೋಷವು ಹಾಗೆಯೇ ಉಳಿದಿರುತ್ತದೆ. ಮೊದಲು ಕಾರ್ಯಕ್ರಮದೊಳಗೇ ಭಾರತದ ಕಾಲವಲಯವನ್ನು ಹೆಸರಿಸಿ ಲೆಕ್ಕ ಮಾಡುವಂತೆ ತಿದ್ದಬೇಕು. ಬಳಿಕ ಬೇಕೆಂದೇ ಪರಕೀಯವಾದ ಪರಿಸರಗಳನ್ನು ಪರೀಕ್ಷೆಗೆ ಒದಗಿಸಬೇಕು. ವಿಶ್ವಸಮಯವನ್ನು ಕೊಟ್ಟರೂ ಆಗಸ್ಟ್ 1ರ ಬೆಳಗಿನ 4 ಗಂಟೆಯ ಬೋಟಿಗೆ ಅಡ್ಡಿಯಿಲ್ಲವೆಂಬ ಉತ್ತರ ಬರಬೇಕು. ನ್ಯೂಜಿಲೆಂಡಿನ ‘ಪೆಸಿಫಿಕ್/ಆಕ್ಲೆಂಡ್’ ಕೊಟ್ಟು, ಜುಲೈ 31ರ ರಾತ್ರಿ 11 ಗಂಟೆ 30 ನಿಮಿಷಕ್ಕೆ ಹೊರಟ ಬೋಟನ್ನು ಕೇಳಿದರೆ ನಿಷೇಧವಿದೆಯೆಂದೇ ಹೇಳಬೇಕು. ಆ ಹೊತ್ತಿಗೆ ಆಕ್ಲೆಂಡಿನಲ್ಲಿ ಆಗಸ್ಟ್ 1ರ ಬೆಳಗಿನ 6 ಗಂಟೆಯಾಗಿರುತ್ತದೆ. ಇದಕ್ಕಾಗಿ ಗ್ರೇಡಲ್‌ನಲ್ಲಿ ಒಂದೇ ಪರೀಕ್ಷಾ ಸಮೂಹಕ್ಕೆ ಮೂರು ಟೆಸ್ಟ್ ಕಾರ್ಯಗಳನ್ನು ನೋಂದಾಯಿಸಿ, ಒಂದಕ್ಕೆ ಕೋಲ್ಕತಾ, ಒಂದಕ್ಕೆ ವಿಶ್ವಸಮಯ, ಒಂದಕ್ಕೆ ಆಕ್ಲೆಂಡ್ ಎಂದು ಟಿಝಡ್‌ನ ಬೆಲೆಯನ್ನು ಕೊಟ್ಟು, ಮೂರನ್ನೂ ಪ್ರತಿ ನಿರ್ಮಾಣದಲ್ಲಿ ನಡೆಸಬಹುದು.