ಕೊನೇ ಬೋಗಿ ನೋಡಿದ್ಯಾ?

ದಾವಣಗೆರೆಯಿಂದ ಹರಿಹರಕ್ಕೆ ರೈಲಲ್ಲಿ ಹೋದ್ರೆ ಕಾಲು ಗಂಟೆ ಚಿಲ್ಲರೆ. ನನ್ನ ರೈಲಿಗೆ ಹತ್ತೇ ಸೆಕೆಂಡ್ ಸಾಕು!

ಹರಿಹರದ ನಮ್ಮ ಮನೆ ಮಹಡಿ ರೂಮಿನಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಇದೆ. ಅದರ ಮೇಲೆ ದಾವಣಗೆರೆ ಸ್ಟೇಷನ್, ಅಮರಾವತಿ ಕಾಲೊನಿ, ಹರಿಹರ, ತುಂಗಭದ್ರಾ ಸೇತುವೆ ಎಲ್ಲಾ ಇವೆ. ವಾರವೆಲ್ಲಾ ಆಫೀಸಿನ ಕೋಡ್, ಶನಿವಾರ ಭಾನುವಾರ ಈ ಆಟ.

ಅಳತೆ 'ಎಚ್‌ಒ', ಅಂದ್ರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಇಲ್ಲಿ 19 ಮಿ.ಮೀ. ದಾಟಬೇಕು. ಅಂಗಡಿಯಲ್ಲಿ ಸಿಗೋ ಹಳಿ 16.5 ಮಿ.ಮೀ., ವಿದೇಶದ ಗೇಜಿನ ಲೆಕ್ಕದ್ದು. ನಮ್ಮ ಸೋದರಮಾವ ಮೊದಲ ದಿನವೇ ಅದನ್ನ ಹಿಡಿದರು. "ಹಳಿ ಕಿರಿದಾಯ್ತಲ್ಲಲೇ?" ಮಾಮ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರ್ ಆದವರು.

ಇದು ಓಡೋದು ಹೇಗೆ ಅಂತೀರಾ? ಹಳಿಯಲ್ಲಿ ಕರೆಂಟಿನ ಜೊತೆಗೇ ಆದೇಶವೂ ಹರಿಯುತ್ತೆ. ಇದಕ್ಕೆ ಡಿಸಿಸಿ ಅಂತಾರೆ. ಕರೆಂಟು 58 ಮೈಕ್ರೋಸೆಕೆಂಡಿಗೊಮ್ಮೆ ದಿಕ್ಕು ಬದಲಿಸಿದ್ರೆ '1', 100 ಅಥವಾ ಅದಕ್ಕಿಂತ ನಿಧಾನವಾದ್ರೆ '0'. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಡಿಕೋಡರ್, ಅದಕ್ಕೊಂದು ನಂಬರ್. "3ನೇ ನಂಬರ್, ನಿಧಾನ" ಅಂದ್ರೆ ಅದೊಂದೇ ನಿಧಾನವಾಗುತ್ತೆ. ಲ್ಯಾಪ್‌ಟಾಪಿನಲ್ಲಿ ಜೆಎಂಆರ್‌ಐ ಅನ್ನೋ ಉಚಿತ ಸಾಫ್ಟ್‌ವೇರ್, ಹಲಗೆ ಕೆಳಗೆ ಆರ್ಡುಯಿನೊ, ಪಾಯಿಂಟ್ ತಿರುಗಿಸೋಕೆ ಪುಟ್ಟ ಸರ್ವೊ ಮೋಟಾರ್‌ಗಳು.

ಹಳಿಯನ್ನ ಬ್ಲಾಕ್‌ಗಳಾಗಿ ಭಾಗ ಮಾಡಿದ್ದೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಎಂಜಿನ್ ಬ್ಲಾಕಿನ ಕೊನೆಯ ಸೆನ್ಸರ್ ದಾಟಿದ ಕೂಡಲೇ 'ಖಾಲಿ' ಅಂತ ಕೋಡ್ ಬರೆದಿದ್ದೆ. ನೂರಾರು ಸಲ ಓಡಿಸಿದೆ, ಒಂದೂ ತಪ್ಪಿಲ್ಲ.

ಕಳೆದ ದೀಪಾವಳಿಗೆ ಮನೆ ತುಂಬಾ ಜನ. ಎಲ್ಲರ ಮುಂದೆ ಎರಡು ಗಾಡಿ ಬಿಟ್ಟೆ. ಸೇತುವೆ ಮೇಲೆ ಮುಂದಿನ ಗಾಡಿಯ ಕೊಂಡಿ ಕಳಚಿ ಎರಡು ಬೋಗಿ ಅಲ್ಲೇ ನಿಂತವು. ಎಂಜಿನ್ ಸೆನ್ಸರ್ ದಾಟಿತು, ಕೋಡ್ 'ಖಾಲಿ' ಅಂದಿತು. ಹಿಂದಿನ ಗಾಡಿ ಬಂದು ಗುದ್ದಿತು. ಮೊದಲ ಬೋನಸ್ಸಿನಲ್ಲಿ ತಗೊಂಡ ನನ್ನ ಡೀಸೆಲ್ ಎಂಜಿನ್ ನೆಲಕ್ಕೆ ಬಿದ್ದು ಚೂರಾಯ್ತು.

ಮಾಮ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಕೊನೇ ಬೋಗಿ ನೋಡಿದ್ಯಾ?"

ಆಮೇಲೆ ಕೂತು ಹೇಳಿದರು. ಗಾಡಿ ಬಂತು ಅಂದ್ರೆ ಎಂಜಿನ್ ಬಂತು ಅಂತಲ್ಲ. ಕೊನೇ ಬೋಗಿಯ 'ಎಲ್‌ವಿ' ಬೋರ್ಡು, ರಾತ್ರಿಯಾದ್ರೆ ಕೆಂಪು ದೀಪ ಕಣ್ಣಾರೆ ಕಾಣಬೇಕು. ಒಂದು ಮಳೆ ರಾತ್ರಿ ಗೂಡ್ಸ್ ಗಾಡಿಯ ಹಿಂದಿನ ದೀಪ ಮಾಮನಿಗೆ ಕಾಣಲಿಲ್ಲವಂತೆ. ಗಾಡಿ ಪೂರ್ತಿ ಬಂದಿಲ್ಲ ಅಂತ ಮಾಸ್ಟರಿಗೆ ಹೇಳಿಬಿಟ್ಟರು. ಹಿಂದೆ ಪ್ಯಾಸೆಂಜರ್ ಗಾಡಿ ಇಪ್ಪತ್ತು ನಿಮಿಷ ಕಾಯ್ತು. ಕೊನೆಗೆ ನೋಡಿದ್ರೆ ಬೋಗಿ ಎಲ್ಲಾ ಇದ್ದವು, ದೀಪ ಮಾತ್ರ ಆರಿತ್ತು.

"ಬೈದ್ರಾ ಮಾಮ?"

"ಬೈದ್ರು. ಬೈಸ್ಕೊಂಡ್ರೆ ಏನಾಗ್ತೈತೆ? ಮಲಗಿದ್ರೆ ನಿದ್ದೆ ಬರ್ತೈತಲ್ಲ, ಅದು ಮುಖ್ಯ."

ಈಗ ಸುಮಾರು ಕಡೆ ಈ ಕೆಲಸವನ್ನ ಆಕ್ಸಲ್ ಕೌಂಟರ್ ಮಾಡುತ್ತೆ. ಒಳಗೆ ಹೋದ ಅಚ್ಚುಗಳೆಷ್ಟು, ಹೊರಗೆ ಬಂದಿದ್ದೆಷ್ಟು ಅಂತ ಎಣಿಸುತ್ತೆ. ನಾನೂ ಅದನ್ನೇ ಮಾಡಿದೆ. ಚಕ್ರದ ಮಟ್ಟಕ್ಕೆ ಸೆನ್ಸರ್ ಇಟ್ಟೆ. ಎಂಜಿನ್ನಿಗೆ 6 ಅಚ್ಚು, ಐದು ಬೋಗಿಗೆ 20. ಒಟ್ಟು 26 ಒಳಗೆ ಹೋಗಿ 18 ಹೊರಗೆ ಬಂದ್ರೆ ಇನ್ನೆರಡು ಬೋಗಿ ಒಳಗೇ ಇವೆ. ಲೆಕ್ಕ ತಾಳೆಯಾಗೋವರೆಗೂ ಸಿಗ್ನಲ್ ಕೆಂಪು.

ಒಮ್ಮೊಮ್ಮೆ ಸೆನ್ಸರ್ ತಪ್ಪು ಎಣಿಸಿ ಸುಮ್ಮಸುಮ್ಮನೆ ಗಾಡಿ ನಿಲ್ಲುತ್ತೆ. ನನಗೆ ಕಿರಿಕಿರಿ, ಮಾಮನಿಗೆ ಖುಷಿ. "ನಿಲ್ಲಲಿ ಬಿಡು, ನಿಂತ ಗಾಡಿ ಯಾರನ್ನೂ ಕೊಲ್ಲಲ್ಲ."

ಆ ಸೋಮವಾರ ಆಫೀಸಿನಲ್ಲಿ ನನ್ನದೇ ಹಳೆಯ ಕೋಡ್ ತೆಗೆದು ನೋಡಿದೆ. ಫೈಲ್ ಕಳಿಸೋದು, 'ಯಶಸ್ವಿ' ಅಂತ ಬರೆಯೋದು. ಆ ಕಡೆ ಪೂರ್ತಿ ತಲುಪಿತಾ ಅಂತ ಕೇಳೋ ಸಾಲು ಎಲ್ಲೂ ಇರಲಿಲ್ಲ. ಅವತ್ತೇ ಸೇರಿಸಿದೆ. ಅದರ ಮೇಲಿನ ಕಾಮೆಂಟನ್ನ ಕನ್ನಡದಲ್ಲೇ ಬರೆದೆ: ಕೊನೇ ಬೋಗಿ ನೋಡಿದ್ಯಾ?