ಹರ್-2: ಒಂದು ಪ್ರೋಟೀನು, 15 ವಯಲ್, 8.62 ಲಕ್ಷ ರೂಪಾಯಿ

ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು, 98 ಸಾವಿರಕ್ಕೂ ಹೆಚ್ಚು ಮಂದಿ ಅದರಿಂದ ತೀರಿಕೊಂಡರು ಎಂಬುದು ಜಾಗತಿಕ ಕ್ಯಾನ್ಸರ್ ಅಂಕಿಅಂಶ ಕೊಡುವ ಗ್ಲೊಬೊಕಾನ್‌ನ ಅಂದಾಜು. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ 15ರಿಂದ 20ರಷ್ಟು ‘ಹರ್-2 ಪಾಸಿಟಿವ್’, ಅಂದರೆ ಅವುಗಳ ಕೋಶಗಳಲ್ಲಿ ಹರ್-2 ಎಂಬ ಪ್ರೋಟೀನು ಮಿತಿಮೀರಿರುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 29 ಸಾವಿರದಿಂದ 38 ಸಾವಿರ ಮಹಿಳೆಯರ ಅಳಿವು ಉಳಿವು ಈ ಪ್ರೋಟೀನಿಗೆ ತಳಕು ಹಾಕಿಕೊಂಡಿದೆ.

ಎಷ್ಟಿದ್ದರೆ ಅಪಾಯ?

ಆರೋಗ್ಯವಂತ ಸ್ತನ ಕೋಶದ ಮೇಲ್ಮೈಯಲ್ಲಿ ಸುಮಾರು 20 ಸಾವಿರ ಹರ್-2 ಪ್ರೋಟೀನುಗಳಿರುತ್ತವೆ. ಪಾಸಿಟಿವ್ ಗಡ್ಡೆಯ ಕೋಶದಲ್ಲಿ ಅದು 20 ಲಕ್ಷ ಮುಟ್ಟಬಹುದು. ಬೆಳೆಯಲು, ಹರಡಲು ಕೋಶಕ್ಕೆ ಬಿಡುವಿಲ್ಲದೆ ಸೂಚನೆ ಸಿಗುತ್ತದೆ. ಅಮೆರಿಕದ ಡೆನ್ನಿಸ್ ಸ್ಲಾಮನ್ ತಂಡ 1987ರಲ್ಲಿ 189 ಗಡ್ಡೆಗಳನ್ನು ಪರೀಕ್ಷಿಸಿ, ಹರ್-2 ಜೀನ್‌ನ ಪ್ರತಿಗಳು ಹೆಚ್ಚಿದ್ದಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿತು.

ಪತ್ತೆಗೆ ಬಯಾಪ್ಸಿ ತುಣುಕು ಸಾಕು. ಅದು 6ರಿಂದ 72 ಗಂಟೆ ಫಾರ್ಮಲಿನ್‌ನಲ್ಲಿರಬೇಕು; ಹೆಚ್ಚುಕಡಿಮೆಯಾದರೆ ಫಲಿತಾಂಶ ನೆಚ್ಚುವಂತಿಲ್ಲ. ಹರ್-2ಗೆ ಬಣ್ಣ ಹಾಕಿ ನೋಡಿದಾಗ ಶೇ 10ಕ್ಕಿಂತ ಹೆಚ್ಚು ಕೋಶಗಳ ಅಂಚು ಪೂರ್ತಿಯಾಗಿ, ಗಾಢವಾಗಿ ಬಣ್ಣ ಹಿಡಿದರೆ 3+, ಅಂದರೆ ಪಾಸಿಟಿವ್. 2+ ಬಂದರೆ ಖಚಿತವಿಲ್ಲ; ಹರ್-2 ಜೀನ್ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು.

ಔಷಧದಿಂದ ಸಿಕ್ಕಿದ್ದು

ಈ ಪ್ರೋಟೀನಿಗೇ ಅಂಟಿಕೊಳ್ಳುವ ಟ್ರಾಸ್ಟುಜುಮಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ರೋಗ ಹರಡಿದ್ದ 469 ಮಹಿಳೆಯರ ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರಲ್ಲಿ ಮೊದಲ ವರ್ಷ ಶೇ 33 ಮಂದಿ ಸತ್ತರೆ, ಜೊತೆಗೆ ಈ ಔಷಧವನ್ನೂ ಪಡೆದವರಲ್ಲಿ ಸತ್ತವರು ಶೇ 22. ಹೃದಯಕ್ಕೆ ತೊಂದರೆಯಾಗಬಹುದಾದ್ದರಿಂದ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು.

ವಯಲ್ ಲೆಕ್ಕ

ಗಡ್ಡೆ ತೆಗೆದ ಮೇಲೆ ರೋಗ ಮರುಕಳಿಸದಂತೆ ಕೊಡುವ ಕೋರ್ಸು ಒಂದು ವರ್ಷದ್ದು: ಮೂರು ವಾರಕ್ಕೊಮ್ಮೆ, 18 ಡೋಸ್. ಮೊದಲ ಡೋಸ್ ದೇಹತೂಕದ ಕೆ.ಜಿ.ಗೆ 8 ಮಿ.ಗ್ರಾಂ, ಆಮೇಲೆ 6. ರೋಗಿ 60 ಕೆ.ಜಿ. ಇದ್ದರೆ 480 ಮಿ.ಗ್ರಾಂ., ನಂತರ 360ರಂತೆ 17 ಸಲ. ಒಟ್ಟು 6,600 ಮಿ.ಗ್ರಾಂ. ಅಂದರೆ 440 ಮಿ.ಗ್ರಾಂ.ನ 15 ವಯಲ್.

ಬೆಂಗಳೂರಿನ ಬಯೋಕಾನ್ 2014ರಲ್ಲಿ ಮೂಲ ಔಷಧವನ್ನು ಹೋಲುವ ತನ್ನ ಬಯೋಸಿಮಿಲರ್‌ನ ವಯಲ್‌ಗೆ 57,500 ರೂಪಾಯಿ ಬೆಲೆ ಇಟ್ಟಿತು. ಮೂಲ ಔಷಧಕ್ಕಿಂತ ಸುಮಾರು ಶೇ 25 ಅಗ್ಗವಾದರೂ ಆಗ 15 ವಯಲ್‌ಗೆ 8,62,500 ರೂಪಾಯಿ ಆಗುತ್ತಿತ್ತು! 2015ರಲ್ಲಿ ಈ ಔಷಧ ಬೆಲೆ ನಿಯಂತ್ರಣಕ್ಕೆ ಒಳಪಡುವ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ ಸೇರಿತು.

ಬ್ರಿಟನ್ನಿನಲ್ಲಿ ಸುಮಾರು 4,000 ಮಹಿಳೆಯರ ಮೇಲೆ ನಡೆದ ಪರ್ಸಿಫೋನ್ ಅಧ್ಯಯನ 2019ರಲ್ಲಿ ಖರ್ಚು ತಗ್ಗಿಸಲು ಇನ್ನೊಂದು ದಾರಿ ತೋರಿಸಿತು. ನಾಲ್ಕು ವರ್ಷದ ಬಳಿಕ ರೋಗ ಮರುಕಳಿಸದೆ ಬದುಕಿದ್ದವರು ಆರು ತಿಂಗಳ ಕೋರ್ಸಿನಲ್ಲಿ ಶೇ 89.4, ವರ್ಷದ ಕೋರ್ಸಿನಲ್ಲಿ ಶೇ 89.8. ಆರು ತಿಂಗಳ ಒಂಬತ್ತು ಡೋಸ್‌ಗೆ ಅದೇ 60 ಕೆ.ಜಿ. ರೋಗಿಗೆ 8 ವಯಲ್ ಸಾಕು. 2014ರ ದರದಲ್ಲೇ 4.6 ಲಕ್ಷ. ವರ್ಷದ ಕೋರ್ಸೇ ಇಂದಿಗೂ ರೂಢಿಯ ಚಿಕಿತ್ಸೆ. ಆದರೆ ದುಡ್ಡಿಲ್ಲವೆಂದು ಔಷಧವನ್ನೇ ಕೈಬಿಡುವ ಮುನ್ನ ಆರು ತಿಂಗಳ ಕೋರ್ಸಿನ ಮಾತನ್ನು ವೈದ್ಯರ ಬಳಿ ಎತ್ತಲೇಬೇಕು.

ಬಯಾಪ್ಸಿ ವರದಿ ಬಂದಾಗ ಹರ್-2 ಎದುರು ಏನಿದೆ ಎಂದು ಕೇಳಿ. 2+ ಇದ್ದರೆ ಫಿಶ್ ಮಾಡಿಸದೆ ಮುಂದಿನ ಹೆಜ್ಜೆ ಇಡಬೇಡಿ.